ಬ್ರಿಟನ್ನಿನಲ್ಲಿ ಬಾಡಿಗೆ ಮನೆ ಹಿಡಿದಿರಾ? ಮೊದಲು ಮೀಟರ್ ಹುಡುಕಿ

ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಹೋದಾಗ ಕರೆಂಟ್ ಯಾವ ಕಂಪನಿಯದ್ದು ಅಂತ ಯಾರೂ ಕೇಳುವುದಿಲ್ಲ. ಬೆಸ್ಕಾಂ, ಅಷ್ಟೇ. ಹುಬ್ಬಳ್ಳಿಯಾದರೆ ಹೆಸ್ಕಾಂ, ಮಂಗಳೂರಾದರೆ ಮೆಸ್ಕಾಂ. ಓನರ್ ಹೆಸರಿಗೇ ಬಿಲ್ ಬರುತ್ತದೆ, ಫೋನಿನಲ್ಲಿ ಕಟ್ಟಿದರೆ ಆ ತಿಂಗಳ ಕಥೆ ಮುಗಿಯಿತು. ಅದೇ ಅಭ್ಯಾಸದಲ್ಲಿ ಇಲ್ಲಿಗೆ ಬಂದು ಇಳಿದವರು ಮೊದಲ ಚಳಿಗಾಲದಲ್ಲೇ ಪೆಟ್ಟು ತಿನ್ನುತ್ತಾರೆ. ನಾನೂ ತಿಂದಿದ್ದೇನೆ.

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಮನೆಗೆ ಕರೆಂಟ್ ಮಾರುವ ಕಂಪನಿಗಳು ಹಲವು ಇವೆ. ಆಕ್ಟೋಪಸ್, ಬ್ರಿಟಿಷ್ ಗ್ಯಾಸ್, ಇ.ಡಿ.ಎಫ್., ಇ.ಆನ್ ನೆಕ್ಸ್ಟ್, ಓವೋ, ಸ್ಕಾಟಿಷ್ ಪವರ್, ಇನ್ನೂ ಕೆಲವು ಚಿಕ್ಕವು. ಯಾರ ಹತ್ತಿರ ಕೊಳ್ಳಬೇಕು ಅಂತ ಆರಿಸುವವರು ನೀವು. ಆದರೆ ತಂತಿ ಒಂದೇ, ಮೀಟರ್ ಒಂದೇ. ಕಂಪನಿ ಬದಲಾಯಿಸಿದರೆ ಯಾರೂ ಬಂದು ಗೋಡೆ ಕೊರೆಯುವುದಿಲ್ಲ, ಒಂದು ಕ್ಷಣವೂ ಕರೆಂಟ್ ಹೋಗುವುದಿಲ್ಲ. ಬದಲಾಗುವುದು ಬಿಲ್ ಕಳಿಸುವವರು ಮತ್ತು ಬಿಲ್ಲಿನ ದರ. ಉತ್ತರ ಐರ್ಲೆಂಡಿನ ವ್ಯವಸ್ಥೆ ಬೇರೆ. ಅಲ್ಲಿರುವವರಿಗೆ ಮೀಟರಿನ ಮಾತು ಬಿಟ್ಟರೆ ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಹೊಂದುವುದಿಲ್ಲ.

ಕೀ ಸಿಕ್ಕ ದಿನವೇ ಮಾಡಬೇಕಾದ ಕೆಲಸ

ಎಲ್ಲರೂ ಕೇಳುವುದು "ಯಾವ ಕಂಪನಿ ಒಳ್ಳೇದು?" ಅಂತ. ಅದು ಎರಡನೇ ಪ್ರಶ್ನೆ. ಮೊದಲನೆಯದು, ನಿಮ್ಮ ಮೀಟರ್ ಎಲ್ಲಿದೆ, ಇವತ್ತು ಅದರಲ್ಲಿ ಎಷ್ಟಿದೆ?

ನನ್ನ ಕಥೆ ಹೇಳುತ್ತೇನೆ. ರೆಡಿಂಗ್ ಅನ್ನುವ ಊರಿನಲ್ಲಿ ಮೊದಲ ಮನೆ, ನವೆಂಬರ್ ತಿಂಗಳು. ಏಜೆಂಟ್ ಕೀ ಕೊಟ್ಟಾಗ ಸಂಜೆ ನಾಲ್ಕೂವರೆ, ಆಗಲೇ ಕತ್ತಲು. ನಾಲ್ಕು ಸೂಟ್‌ಕೇಸು, ಒಂದು ಕುಕ್ಕರ್, ಅತ್ತೆ ಕಟ್ಟಿಕೊಟ್ಟ ಸಾಂಬಾರ್ ಪುಡಿ. ಮೀಟರ್ ನೋಡುವ ಯೋಚನೆ ಯಾರಿಗೆ ಬರುತ್ತದೆ ಹೇಳಿ. ಅದು ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ, ಹಿಂದಿನವರು ಬಿಟ್ಟುಹೋದ ವ್ಯಾಕ್ಯೂಮ್ ಕ್ಲೀನರಿನ ಹಿಂದೆ ಇತ್ತು. ನಾನು ಕಂಡಿದ್ದು ಆರು ವಾರ ಆದಮೇಲೆ. ಅಷ್ಟರಲ್ಲಿ "ದಿ ಆಕ್ಯುಪೈಯರ್" ಅಂತ ಬರೆದ ಮೂರು ಲಕೋಟೆ ಬಂದಿದ್ದವು. ಯಾರೋ ಆಕ್ಯುಪೈಯರ್ ಅನ್ನೋರಿಗೆ ಬಂದ ಜಾಹೀರಾತು ಅಂದುಕೊಂಡು ಪಕ್ಕಕ್ಕಿಟ್ಟಿದ್ದೆ. ಆಕ್ಯುಪೈಯರ್ ಅಂದರೆ ಆ ಮನೆಯಲ್ಲಿ ವಾಸ ಇರುವವರು, ನಾನೇ! ಬಿಲ್ಲಿನಲ್ಲಿ ನಾನು ಬಂದ ದಿನದ ರೀಡಿಂಗ್ ಅವರೇ ಅಂದಾಜಿನಲ್ಲಿ ಹಾಕಿದ್ದರು, ಅದು ಅಸಲಿಗಿಂತ ಎಷ್ಟೋ ಕಡಿಮೆ. ಅಂದರೆ ಹಿಂದಿನವರು ಉರಿಸಿದ ಸುಮಾರು ನಾನೂರು ಯೂನಿಟ್ ನನ್ನ ತಲೆ ಮೇಲೆ. ಫೋನ್ ಮಾಡಿದರೆ ಫೋಟೋ ಇದೆಯಾ ಅಂದರು. ಇರಲಿಲ್ಲ. ಮೂರು ತಿಂಗಳು ಗುದ್ದಾಡಿ ಅರ್ಧಕ್ಕೆ ಒಪ್ಪಿಕೊಂಡೆ.

ಹಾಗಾಗಿ ಕೀ ಕೈಗೆ ಬಂದ ತಕ್ಷಣ ಏಜೆಂಟ್ ಇನ್ನೂ ಅಲ್ಲೇ ನಿಂತಿರುವಾಗಲೇ "ಮೀಟರ್ ಎಲ್ಲಿದೆ ತೋರಿಸಿ" ಅನ್ನಿ. ಮೆಟ್ಟಿಲ ಕೆಳಗೆ ಇರಬಹುದು, ಬಾಗಿಲ ಮೇಲಿನ ಕಪಾಟಿನಲ್ಲಿ ಇರಬಹುದು, ಮನೆ ಹೊರಗೋಡೆಯ ಬಿಳಿ ಪೆಟ್ಟಿಗೆಯಲ್ಲಿ ಇರಬಹುದು. ಆ ಬಿಳಿ ಪೆಟ್ಟಿಗೆಗೆ ತ್ರಿಕೋನದ ತೂತಿನ ಸಣ್ಣ ಪ್ಲಾಸ್ಟಿಕ್ ಕೀ ಬೇಕು. ಮನೆಯಲ್ಲಿ ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಫೋಟೋದಲ್ಲಿ ಎರಡು ವಿಷಯ ಕಾಣಬೇಕು: ಅಂಕಿ ಮತ್ತು ಮೀಟರಿನ ಸೀರಿಯಲ್ ನಂಬರ್. ಹಳೆ ಮೀಟರ್ ಆದರೆ ಕಪ್ಪು ಅಂಕಿಗಳನ್ನು ಮಾತ್ರ ಓದಿ, ಕೊನೆಯಲ್ಲಿ ಕೆಂಪು ಅಂಕಿ ಇದ್ದರೆ ಬಿಡಿ. ಎರಡು ಸಾಲು ಅಂಕಿ ಬಂದರೆ ಅದು ಎಕಾನಮಿ 7 ಮೀಟರ್ ಇರಬಹುದು, ರಾತ್ರಿ ಹೊತ್ತು ಒಟ್ಟು ಏಳು ತಾಸು ಅಗ್ಗದ ದರ, ಹಗಲು ದುಬಾರಿ. ಆಗ ಎರಡೂ ಸಾಲು ಬೇಕು. ಗ್ಯಾಸ್ ಮೀಟರ್ ಇದ್ದರೆ ಅದರದ್ದೂ ತೆಗೆಯಿರಿ. ಆ ಫೋಟೋಗಳನ್ನು ಅವತ್ತೇ ಏಜೆಂಟಿಗೆ ಇಮೇಲ್ ಮಾಡಿ, ತಾರೀಖು ಸಮೇತ ದಾಖಲೆ ಆಗುತ್ತದೆ.

ಫ್ಲ್ಯಾಟ್ ಆದರೆ ಇನ್ನೊಂದು ತಲೆನೋವು. ಕೆಳಗಿನ ಅಂತಸ್ತಿನ ಕಪಾಟಿನಲ್ಲಿ ಹತ್ತು ಹನ್ನೆರಡು ಮೀಟರ್ ಸಾಲಾಗಿ ಇರುತ್ತವೆ, ಮೇಲೆ ಯಾರೋ ಮಾರ್ಕರಿನಲ್ಲಿ ಗೀಚಿದ ನಂಬರ್. ಅದನ್ನು ನಂಬಬೇಡಿ. ನನ್ನ ಗೆಳೆಯನೊಬ್ಬ ಒಂದು ವರ್ಷ ಪಕ್ಕದ ಮನೆಯವರ ಬಿಲ್ ಕಟ್ಟಿದ. ಪರೀಕ್ಷೆ ಸುಲಭ: ನಿಮ್ಮ ಮನೆಯಲ್ಲಿ ಕೆಟಲ್, ಹೀಟರ್ ಹಾಕಿ, ಒಬ್ಬರು ಕೆಳಗೆ ಹೋಗಿ ಯಾವ ಮೀಟರಿನ ಕೆಂಪು ದೀಪ ಚಕಚಕ ಮಿನುಗುತ್ತಿದೆ ನೋಡಲಿ. ಆಮೇಲೆ ಮನೆಯೊಳಗಿನ ಮೇನ್ ಸ್ವಿಚ್ ಆಫ್ ಮಾಡಿ. ಆ ದೀಪ ಮಿನುಗುವುದು ನಿಂತರೆ ಮೀಟರ್ ನಿಮ್ಮದು.

ಈಗ ನೀವು ಯಾರ ಗಿರಾಕಿ?

ಬಾಡಿಗೆ ಕರಾರು ಶುರುವಾದ ದಿನದಿಂದ ನೀವು ಆಗಲೇ ಯಾವುದೋ ಒಂದು ಕಂಪನಿಯ ಗಿರಾಕಿ. ಸಹಿ ಹಾಕಿಲ್ಲ, ಮಾತಾಡಿಲ್ಲ, ಆದರೂ ಹೌದು. ಇದಕ್ಕೆ ಡೀಮ್ಡ್ ಕಾಂಟ್ರಾಕ್ಟ್ ಅನ್ನುತ್ತಾರೆ. ಹಿಂದಿನವರು ಯಾವ ಕಂಪನಿಯಲ್ಲಿದ್ದರೋ ಅದೇ ನಿಮಗೂ ಅಂಟಿಕೊಳ್ಳುತ್ತದೆ. ಸಾಮಾನು ಇನ್ನೂ ಬಂದಿಲ್ಲ, ಮುಂದಿನ ವಾರ ಹೋಗುತ್ತೇವೆ ಅಂದರೂ ಲೆಕ್ಕ ಕರಾರಿನ ದಿನದಿಂದಲೇ. ಸಮಾಧಾನದ ಸಂಗತಿ ಏನಂದರೆ ಈ ಡೀಮ್ಡ್ ಕಾಂಟ್ರಾಕ್ಟಿನಿಂದ ಯಾವಾಗ ಬೇಕಾದರೂ ಹೊರಬರಬಹುದು, ದಂಡ ಕೊಡಬೇಕಿಲ್ಲ.

ಯಾವ ಕಂಪನಿ ಅಂತ ಮೊದಲು ಏಜೆಂಟನ್ನೇ ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ (ಎಷ್ಟೋ ಸಲ ಗೊತ್ತಿರುವುದಿಲ್ಲ) ನಿಮ್ಮ ಪ್ರದೇಶದ ತಂತಿ ನೋಡಿಕೊಳ್ಳುವ ನೆಟ್‌ವರ್ಕ್ ಕಂಪನಿಯನ್ನು ಕೇಳಬೇಕು. ಲಂಡನ್ನಿನ ಹೆಚ್ಚಿನ ಕಡೆ ಅದು ಯು.ಕೆ. ಪವರ್ ನೆಟ್‌ವರ್ಕ್ಸ್. ಬೇರೆ ಊರಾದರೆ ಎನರ್ಜಿ ನೆಟ್‌ವರ್ಕ್ಸ್ ಅಸೋಸಿಯೇಷನ್ನಿನ ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಯಾರು ಅಂತ ಬರುತ್ತದೆ. ಗ್ಯಾಸಿಗೆ ಫೈಂಡ್ ಮೈ ಸಪ್ಲೈಯರ್ ಅನ್ನುವ ಸೈಟ್ ಇದೆ.

ಇಲ್ಲಿ ಎಂಪಾನ್ (ಎಂ.ಪಿ.ಎ.ಎನ್., ಮನೆಯ ಕರೆಂಟ್ ಸಂಪರ್ಕದ ನಂಬರ್) ಅನ್ನುವ ಮಾತು ಕಿವಿಗೆ ಬೀಳುತ್ತದೆ. ನಮ್ಮ ಆರ್.ಆರ್. ನಂಬರಿನ ಅಣ್ಣ ಅಂದುಕೊಳ್ಳಿ. ಬಿಲ್ಲಿನಲ್ಲಿ ದೊಡ್ಡ ಎಸ್ ಅಕ್ಷರದ ಪಕ್ಕದ ಪೆಟ್ಟಿಗೆಯಲ್ಲಿ 21 ಅಂಕಿ ಇರುತ್ತವೆ, ಬೇಕಾಗುವುದು ಕೆಳಸಾಲಿನ 13. ಆ ಸಾಲಿನ ಮೊದಲ ಎರಡು ಅಂಕಿ ಸಾಮಾನ್ಯವಾಗಿ ಪ್ರದೇಶ ಹೇಳುತ್ತವೆ, ಲಂಡನ್ನಿನ ಒಳಭಾಗಕ್ಕೆ 12. ಇದು ಮೀಟರಿನ ಸೀರಿಯಲ್ ನಂಬರ್ ಅಲ್ಲ, ಎರಡನ್ನೂ ಕಲಸಬೇಡಿ. ಗ್ಯಾಸಿಗೆ ಎಂ.ಪಿ.ಆರ್.ಎನ್. ಅಂತ ಬೇರೆ ನಂಬರ್ ಇದೆ.

ಕಂಪನಿ ಗೊತ್ತಾದ ಮೇಲೆ ಅವರಿಗೆ ಮೊದಲ ವಾರದಲ್ಲೇ ಹೆಸರು, ಬಂದ ದಿನ, ರೀಡಿಂಗ್ ಕೊಡಿ. ಬೇರೆ ಕಂಪನಿಗೆ ಹೋಗುವುದು ಖಚಿತವಾದರೂ ಇದನ್ನು ಬಿಡಬೇಡಿ. ಇನ್ನೊಂದು ಲಾಭವೂ ಇದೆ. ಹೊಸದಾಗಿ ಬಂದವರಿಗೆ ಇಲ್ಲಿ ಎಲ್ಲದಕ್ಕೂ ವಿಳಾಸದ ಪುರಾವೆ ಕೇಳುತ್ತಾರೆ, ಬ್ಯಾಂಕಿಗೆ ಹೋದರೂ ಅದೇ, ಲೈಬ್ರರಿಗೆ ಹೋದರೂ ಅದೇ. ಕರೆಂಟ್ ಬಿಲ್ ಆ ಪುರಾವೆ. ಗಂಡ ಹೆಂಡತಿ ಇಬ್ಬರ ಹೆಸರೂ ಅಕೌಂಟಿನಲ್ಲಿ ಹಾಕಿಸಿ, ಇಲ್ಲದಿದ್ದರೆ ಒಬ್ಬರಿಗೆ ಮಾತ್ರ ವಿಳಾಸ ಇದ್ದು ಇನ್ನೊಬ್ಬರು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಹಿಂದಿನ ಬಾಡಿಗೆದಾರರ ಸಾಲ ನಿಮ್ಮದಲ್ಲ. ಅವರ ಹೆಸರಿಗೆ ವಸೂಲಿ ಪತ್ರ ಬಂದರೆ ಕರಾರಿನ ಪ್ರತಿ ಕಳಿಸಿ, ನಾವು ಬಂದಿದ್ದು ಈ ದಿನ ಅಂತ ತಿಳಿಸಿ.

ಬದಲಾಯಿಸುವ ಹಕ್ಕು ಇದೆಯಾ?

ಬಿಲ್ ನೀವೇ ನೇರವಾಗಿ ಕಂಪನಿಗೆ ಕಟ್ಟುವುದಾದರೆ ಇದೆ. ಮನೆ ಓನರ್ ಸುಮ್ನೆ ಬೇಡ ಅನ್ನುವಂತಿಲ್ಲ. ಕರಾರಿನಲ್ಲಿ ಇಂಥದ್ದೇ ಕಂಪನಿ ಅಂತ ಬರೆದಿರುತ್ತಾರೆ, ನೋಡಿ ಹೆದರಬೇಡಿ, ಆದರೆ ಬದಲಾಯಿಸುವ ಮೊದಲು ಒಂದು ಇಮೇಲ್ ಹಾಕಿಬಿಡಿ. ಕಂಪನಿ ಬೇರೆ, ಮೀಟರ್ ಬೇರೆ. ಮೀಟರನ್ನೇ ಬದಲಾಯಿಸುವುದಾದರೆ, ಉದಾಹರಣೆಗೆ ಪ್ರೀಪೇಮೆಂಟ್ (ಮೊದಲೇ ದುಡ್ಡು ತುಂಬಿಸುವ) ಮೀಟರ್ ತೆಗೆಸಿ ಮಾಮೂಲಿ ಮೀಟರ್ ಹಾಕಿಸುವುದಾದರೆ, ಓನರ್ ಒಪ್ಪಿಗೆ ಕೇಳಬೇಕು.

ಬಾಡಿಗೆಯಲ್ಲೇ ಬಿಲ್ ಸೇರಿದ್ದರೆ ಆಯ್ಕೆ ಓನರಿನದು. ಆದರೆ ಓನರ್ ಕರೆಂಟ್ ಕೊಂಡು ನಿಮಗೆ ಯೂನಿಟ್ ಲೆಕ್ಕದಲ್ಲಿ ಮಾರುವುದಾದರೆ, ತಾನು ಕೊಟ್ಟ ದರಕ್ಕಿಂತ ಜಾಸ್ತಿ ವಸೂಲಿ ಮಾಡುವಂತಿಲ್ಲ. ಇದು ಆಫ್‌ಜೆಮ್‌ನ ನಿಯಮ. ಇಲ್ಲಿನ ಕರೆಂಟ್, ಗ್ಯಾಸ್ ಮಾರುಕಟ್ಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಆಫ್‌ಜೆಮ್. ನಮ್ಮಲ್ಲಿ ಕೆ.ಇ.ಆರ್.ಸಿ. ಇದ್ದ ಹಾಗೆ.

ಲಂಡನ್ನಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಒಂದು ವಿಷಯ ಮೊದಲೇ ಕೇಳಿ. ಕೆಲವು ಕಡೆ ಬಿಸಿನೀರು, ಹೀಟಿಂಗ್ ಎಲ್ಲಾ ಕಟ್ಟಡದ ಒಂದೇ ಬಾಯ್ಲರಿನಿಂದ ಬರುತ್ತದೆ, ಹೀಟ್ ನೆಟ್‌ವರ್ಕ್ ಅಂತಾರೆ. ಅದನ್ನು ಬದಲಾಯಿಸಲು ಆಗುವುದಿಲ್ಲ, ಅದಕ್ಕೆ ಪ್ರೈಸ್ ಕ್ಯಾಪ್ (ಆಫ್‌ಜೆಮ್ ದರಕ್ಕೆ ಹಾಕುವ ಮೇಲ್ಮಿತಿ) ಕೂಡ ಇಲ್ಲ. ಆಫ್‌ಜೆಮ್ ಅದನ್ನು ತನ್ನ ಹಿಡಿತಕ್ಕೆ ತಂದುಕೊಂಡಿದ್ದೇ 2026ರ ಜನವರಿಯಲ್ಲಿ. ಮನೆ ಒಪ್ಪುವ ಮೊದಲು ಅಲ್ಲಿ ಈಗ ಇರುವವರು ಹೀಟಿಂಗಿಗೆ ಎಷ್ಟು ಕಟ್ಟುತ್ತಾರೆ ಕೇಳಿ.

ದರ ಓದುವುದು ಹೇಗೆ

ಇಲ್ಲಿನ ಕಿಲೋವ್ಯಾಟ್ ಅವರ್ ಅಂದರೆ ನಮ್ಮ ಯೂನಿಟ್ಟೇ, ಏನೂ ವ್ಯತ್ಯಾಸ ಇಲ್ಲ. ಬಿಲ್ಲಿನಲ್ಲಿ ಎರಡೇ ತುಂಡು. ಒಂದು ಯೂನಿಟ್ ದರ. ಇನ್ನೊಂದು ಸ್ಟ್ಯಾಂಡಿಂಗ್ ಚಾರ್ಜ್, ನೀವು ಊರಿಗೆ ಹೋಗಿ ಒಂದು ತಿಂಗಳು ಮನೆಗೆ ಬೀಗ ಹಾಕಿದ್ದರೂ ದಿನಕ್ಕೆ ಇಷ್ಟು ಅಂತ ಬೀಳುವ ದುಡ್ಡು. ಬೆಸ್ಕಾಂ ಬಿಲ್ಲಿನ ನಿಗದಿತ ಶುಲ್ಕದ ಥರ. ಸ್ಟ್ಯಾಂಡರ್ಡ್ ವೇರಿಯಬಲ್, ಅಂದರೆ ಆಗಾಗ ಬದಲಾಗುವ ಮಾಮೂಲಿ ದರದಲ್ಲಿ, ಇವೆರಡಕ್ಕೂ ಆಫ್‌ಜೆಮ್ ಮೇಲ್ಮಿತಿ ಹಾಕುತ್ತದೆ, ಅದೇ ಪ್ರೈಸ್ ಕ್ಯಾಪ್. 2019ರ ಜನವರಿಯಲ್ಲಿ ಶುರುವಾಯಿತು, ಈಗ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. 2025ರ ಅಕ್ಟೋಬರಿನಿಂದ ಡಿಸೆಂಬರ್ ತನಕ ಡೈರೆಕ್ಟ್ ಡೆಬಿಟ್ಟಿನಲ್ಲಿ (ಬ್ಯಾಂಕ್ ಅಕೌಂಟಿನಿಂದ ತಾನೇ ಕಡಿತ ಆಗುವಂತೆ) ಕಟ್ಟುವವರಿಗೆ ಕರೆಂಟ್ ಮಿತಿ ಸರಾಸರಿ ಯೂನಿಟ್ಟಿಗೆ 26.35 ಪೆನ್ಸ್, ದಿನಕ್ಕೆ 53.68 ಪೆನ್ಸ್ ಇತ್ತು. ಊರಿಂದ ಊರಿಗೆ ಸ್ವಲ್ಪ ಹೆಚ್ಚು ಕಡಿಮೆ. ರೂಪಾಯಿಗೆ ಬದಲಾಯಿಸಿ ನೋಡಬೇಡಿ, ನಿದ್ದೆ ಬರುವುದಿಲ್ಲ.

ಆ ಮೂರು ತಿಂಗಳು ಸುದ್ದಿಯಲ್ಲಿ ಕ್ಯಾಪ್ 1,755 ಪೌಂಡ್ ಅಂತ ಬರುತ್ತಿತ್ತು. ಜನ ಅದನ್ನು ಎಷ್ಟು ಉರಿಸಿದರೂ ಬಿಲ್ ಅಷ್ಟಕ್ಕೇ ನಿಲ್ಲುತ್ತದೆ ಅಂದುಕೊಳ್ಳುತ್ತಾರೆ. ಅಲ್ಲವೇ ಅಲ್ಲ. ವರ್ಷಕ್ಕೆ 2,700 ಯೂನಿಟ್ ಕರೆಂಟ್, 11,500 ಯೂನಿಟ್ ಗ್ಯಾಸ್ ಬಳಸುವ ಮನೆಯ ಲೆಕ್ಕ ಅದು. ಮಿತಿ ಇರುವುದು ದರಕ್ಕೆ. ನೀವು ಜಾಸ್ತಿ ಉರಿಸಿದರೆ ಜಾಸ್ತಿಯೇ ಕಟ್ಟುತ್ತೀರಿ. ಎಲೆಕ್ಟ್ರಿಕ್ ಶವರ್ 9 ಕಿಲೋವ್ಯಾಟಿನದ್ದಾದರೆ ಹತ್ತು ನಿಮಿಷ ನಿಂತರೆ ಒಂದೂವರೆ ಯೂನಿಟ್, ಅಂದರೆ ಆಗಿನ ದರದಲ್ಲಿ ಸುಮಾರು 40 ಪೆನ್ಸ್. ಇನ್ನು ಬಿಸಿನೀರಿನ ಸಿಲಿಂಡರ್ ಇರುವ ಮನೆಗಳಲ್ಲಿ ಕಪಾಟಿನೊಳಗೆ ಇಮ್ಮರ್ಶನ್ ಅಂತ ಬರೆದ ಕೆಂಪು ದೀಪದ ಸ್ವಿಚ್ ಒಂದು ಇರುತ್ತದೆ, ಸಾಮಾನ್ಯವಾಗಿ 3 ಕಿಲೋವ್ಯಾಟ್. ಗ್ಯಾಸಿನಲ್ಲೇ ನೀರು ಕಾಯುತ್ತಿದ್ದರೂ ಹಿಂದಿನವರು ಅದನ್ನು ಆನ್ ಬಿಟ್ಟು ಹೋಗಿರುತ್ತಾರೆ. ಮೊದಲ ದಿನವೇ ನೋಡಿ.

ಎರಡು ಟ್ಯಾರಿಫ್ (ಕಂಪನಿ ಕೊಡುವ ದರದ ಯೋಜನೆ) ಹೋಲಿಸುವಾಗ ತಿಂಗಳಿಗೆ ಇಷ್ಟು ಅಂತ ತೋರಿಸುವ ಅಂಕಿಗೆ ಮರುಳಾಗಬೇಡಿ. ಅದು ಡೈರೆಕ್ಟ್ ಡೆಬಿಟ್ ಕಂತು, ಅಂದಾಜು. ಒಂದು ಕಾಲ್ಪನಿಕ ಲೆಕ್ಕ ನೋಡಿ. ಮೊದಲ ಟ್ಯಾರಿಫ್ ಯೂನಿಟ್ಟಿಗೆ 24 ಪೆನ್ಸ್, ದಿನಕ್ಕೆ 60. ಎರಡನೆಯದು ಯೂನಿಟ್ಟಿಗೆ 26, ದಿನಕ್ಕೆ 40. ಇಬ್ಬರೇ ಇರುವ ಚಿಕ್ಕ ಫ್ಲ್ಯಾಟ್, ವರ್ಷಕ್ಕೆ 1,800 ಯೂನಿಟ್ ಅಂದರೆ ಮೊದಲನೆಯದು 651 ಪೌಂಡ್, ಎರಡನೆಯದು 614. ಯೂನಿಟ್ ದರ ಜಾಸ್ತಿ ಇರುವುದೇ ಅಗ್ಗ! ಅದೇ 4,000 ಯೂನಿಟ್ ಬಳಸುವ ಮನೆಗೆ ಮೊದಲನೆಯದು 1,179, ಎರಡನೆಯದು 1,186. ಕ್ಯಾಲ್ಕುಲೇಟರಿನಲ್ಲಿ ಎರಡು ನಿಮಿಷದ ಕೆಲಸ. ಗೆಳೆಯರು ರೆಫರಲ್ ಲಿಂಕ್ ಕಳಿಸುತ್ತಾರೆ, ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಂತೂ ದಿನಕ್ಕೊಂದು. ತಗೊಳ್ಳಿ, ತಪ್ಪಿಲ್ಲ, ಆದರೆ ಈ ಲೆಕ್ಕ ಮಾಡಿದ ಮೇಲೆ.

ಟ್ಯಾರಿಫ್ ಮುಖ್ಯವಾಗಿ ಎರಡು ಬಗೆ. ಸ್ಟ್ಯಾಂಡರ್ಡ್ ವೇರಿಯಬಲ್ ಆದರೆ ದರ ಏರಿಳಿಯುತ್ತದೆ, ಕ್ಯಾಪ್ ದಾಟುವಂತಿಲ್ಲ, ಬಿಟ್ಟು ಹೋಗಲು ದಂಡ ಇಲ್ಲ. ಫಿಕ್ಸ್ಡ್ ಆದರೆ ಒಂದು ವರ್ಷವೋ ಎರಡು ವರ್ಷವೋ ಅದೇ ದರ, ಆದರೆ ನಡುವೆ ಬಿಟ್ಟರೆ ಎಕ್ಸಿಟ್ ಫೀ ಬೀಳಬಹುದು. ಅವಧಿ ಮುಗಿಯುವ ಕೊನೆಯ 49 ದಿನದಲ್ಲಿ ಆ ಫೀ ಹಾಕುವಂತಿಲ್ಲ. ನನ್ನ ಅಭಿಪ್ರಾಯ: ಕರಾರು ಆರು ತಿಂಗಳದ್ದಾದರೆ ಎರಡು ವರ್ಷದ ಫಿಕ್ಸ್ಡ್ ತಗೊಳ್ಳಬೇಡಿ. ಎಕ್ಸಿಟ್ ಫೀ ಇಲ್ಲದ ಫಿಕ್ಸ್ಡ್ ಸಿಕ್ಕಿ, ಅದು ಕ್ಯಾಪಿಗಿಂತ ಕಡಿಮೆ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಮನೆ ಬಿಟ್ಟಾಗ ಟ್ಯಾರಿಫನ್ನು ಹೊಸ ಮನೆಗೆ ಒಯ್ಯಬಹುದಾ ಅಂತಲೂ ಕೇಳಿಟ್ಟುಕೊಳ್ಳಿ.

ಬದಲಾವಣೆ

ಇದು ಇಡೀ ವಿಷಯದಲ್ಲೇ ಸುಲಭದ ಭಾಗ. ಹೊಸ ಕಂಪನಿಯ ಸೈಟಿನಲ್ಲಿ ಪೋಸ್ಟ್‌ಕೋಡ್, ವಿಳಾಸ, ಬ್ಯಾಂಕ್ ವಿವರ ಕೊಡಿ. ಹಳೆಯವರಿಗೆ ಫೋನ್ ಮಾಡಬೇಕಿಲ್ಲ, ಹೊಸಬರೇ ಮಾತಾಡಿಕೊಳ್ಳುತ್ತಾರೆ. 2022ರಿಂದ ಐದು ಕೆಲಸದ ದಿನದೊಳಗೆ ಮುಗಿಸಬೇಕು ಅಂತ ನಿಯಮ. ಮನಸ್ಸು ಬದಲಾದರೆ 14 ದಿನದೊಳಗೆ ಬೇಡ ಅನ್ನಬಹುದು. ಬದಲಾಗುವ ದಿನ ಮತ್ತೆ ಮೀಟರ್ ಫೋಟೋ, ಸ್ಮಾರ್ಟ್ ಮೀಟರ್ (ತಾನೇ ಕಂಪನಿಗೆ ರೀಡಿಂಗ್ ಕಳಿಸುವ ಮೀಟರ್) ಇದ್ದರೂ ಸರಿ. ಹಳೆ ಮಾದರಿಯ ಕೆಲವು ಸ್ಮಾರ್ಟ್ ಮೀಟರ್‌ಗಳು ಕಂಪನಿ ಬದಲಾದ ಮೇಲೆ ಮಾತಾಡುವುದನ್ನೇ ನಿಲ್ಲಿಸುತ್ತವೆ, ಆಗ ನೀವೇ ರೀಡಿಂಗ್ ಕಳಿಸಬೇಕು. ಹಳೆ ಕಂಪನಿ ಆರು ವಾರದಲ್ಲಿ ಕೊನೆಯ ಬಿಲ್ ಕೊಡಬೇಕು, ದುಡ್ಡು ಉಳಿದಿದ್ದರೆ ಅದಾದ ಹತ್ತು ಕೆಲಸದ ದಿನದಲ್ಲಿ ವಾಪಸ್. ಅವರಿಗೆ ಬಾಕಿ ಇಟ್ಟಿದ್ದರೆ ಬದಲಾವಣೆ ತಡೆಯಬಹುದು.

ಬ್ಯಾಂಕ್ ಅಕೌಂಟ್ ಇನ್ನೂ ಆಗಿಲ್ಲವಾ? ಗಾಬರಿ ಬೇಡ. ಈಗಿರುವ ಕಂಪನಿಯಲ್ಲೇ ಬಿಲ್ ಬಂದಾಗ ಕಟ್ಟುತ್ತಾ ಇರಿ. ದರ ಸ್ವಲ್ಪ ಜಾಸ್ತಿ. ಅಕೌಂಟ್ ಆದಮೇಲೆ ಬದಲಾಯಿಸಿ. ಡೈರೆಕ್ಟ್ ಡೆಬಿಟ್ ಇಡೀ ವರ್ಷದ ಖರ್ಚನ್ನು ಹನ್ನೆರಡು ಸಮ ಕಂತು ಮಾಡುತ್ತದೆ. ಹಾಗಾಗಿ ಜೂನ್ ಜುಲೈನಲ್ಲಿ ಅಕೌಂಟಿನಲ್ಲಿ ದುಡ್ಡು ಕೂಡಿಕೊಳ್ಳುತ್ತದೆ, ಜನವರಿಯಲ್ಲಿ ಕರಗುತ್ತದೆ. ಬೇಸಿಗೆಯ ಆ ಜಮೆ ನೋಡಿ ಹಿಗ್ಗಬೇಡಿ.

ಪ್ರೀಪೇಮೆಂಟ್ ಮೀಟರ್ ಇದ್ದರೆ, ಅದೇ ಕೀಗೋ ಕಾರ್ಡಿಗೋ ಅಂಗಡಿಯಲ್ಲಿ ದುಡ್ಡು ತುಂಬಿಸುವುದು, ಹಿಂದಿನವರ ಕೀಗೆ ದುಡ್ಡು ಹಾಕಲೇಬೇಡಿ. ಅವರ ಸಾಲ ನಿಮ್ಮ ದುಡ್ಡಿನಿಂದ ಕಡಿತ ಆಗುತ್ತಿರಬಹುದು. ಕಂಪನಿಗೆ ಫೋನ್ ಮಾಡಿ ಹೊಸ ಕೀ ತರಿಸಿ.

ಸ್ಟೂಡೆಂಟ್ಸ್ ನಾಲ್ಕೈದು ಜನ ಸೇರಿ ಮನೆ ಮಾಡಿದ್ದರೆ ಎಲ್ಲರ ಹೆಸರೂ ಬಿಲ್ಲಿನಲ್ಲಿ ಇರಲಿ. ಒಬ್ಬನ ಹೆಸರಲ್ಲಿ ಇದ್ದರೆ ಎಲ್ಲರೂ ಊರಿಗೆ ಹೋದಮೇಲೆ ಸಾಲಗಾರ ಅವನೊಬ್ಬನೇ.

ಜಗಳ ಬಂದರೆ

ಕಂಪನಿಗೆ ಬರಹದಲ್ಲಿ ದೂರು ಕೊಡಿ, ಇದು ದೂರು ಅಂತ ಆ ಪದವನ್ನೇ ಬಳಸಿ. ಎಂಟು ವಾರದಲ್ಲಿ ಬಗೆಹರಿಯದಿದ್ದರೆ ಎನರ್ಜಿ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು, ಖರ್ಚಿಲ್ಲ. ನನಗೆ ಆಗ ಇದು ಗೊತ್ತಿದ್ದಿದ್ದರೆ ಅರ್ಧಕ್ಕೆ ಒಪ್ಪುತ್ತಿರಲಿಲ್ಲ. ಕಂಪನಿಯ ತಪ್ಪಿನಿಂದ ಬಿಲ್ ಬಾರದೇ ಇದ್ದು ಆಮೇಲೆ ಹಳೇದೆಲ್ಲಾ ಸೇರಿಸಿ ಕಳಿಸಿದರೆ 12 ತಿಂಗಳಿಗಿಂತ ಹಿಂದಿನದನ್ನು ಕೇಳುವಂತಿಲ್ಲ. ಕಂಪನಿಯೇ ಮುಳುಗಿದರೂ ಕರೆಂಟ್ ಹೋಗುವುದಿಲ್ಲ, ಆಫ್‌ಜೆಮ್ ನಿಮ್ಮನ್ನು ಬೇರೆ ಕಂಪನಿಗೆ ದಾಟಿಸುತ್ತದೆ. 2021ರಲ್ಲಿ ಸಾಲು ಸಾಲಾಗಿ ಕಂಪನಿಗಳು ಮುಚ್ಚಿದಾಗ ಹೀಗೇ ಆಗಿದ್ದು. ಬರೀ ಕರೆಂಟ್ ಹೋದರೆ ನಿಮ್ಮ ಕಂಪನಿಗಲ್ಲ, 105ಕ್ಕೆ ಫೋನ್ ಮಾಡಿ.

ಮನೆ ಬಿಡುವಾಗ ಎರಡು ದಿನ ಮೊದಲಾದರೂ ಕಂಪನಿಗೆ ತಿಳಿಸಿ, ಹೊಸ ವಿಳಾಸ ಕೊಡಿ, ಕೀ ವಾಪಸ್ ಕೊಡುವ ಮುಂಚೆ ಅದೇ ಕಪಾಟಿಗೆ ತಲೆ ಹಾಕಿ ಕೊನೆಯ ಫೋಟೋ ತೆಗೆಯಿರಿ. ರೆಡಿಂಗ್ ಮನೆ ಬಿಟ್ಟ ದಿನ ನಾನು ಮೀಟರಿನ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿ ಬಂದೆ. ಕಂಪನಿ ಹೆಸರು, ಎಂಪಾನ್, ಅವತ್ತಿನ ರೀಡಿಂಗ್, ತಾರೀಖು. ವ್ಯಾಕ್ಯೂಮ್ ಕ್ಲೀನರನ್ನೂ ಸ್ವಲ್ಪ ಪಕ್ಕಕ್ಕೆ ಸರಿಸಿದ್ದೆ.